ಸಾಫ್ಟ್‌ವೇರ್ ಕೆಲಸ: ದೊಡ್ಡ ಕಂಪನಿಯೋ, ಸ್ಟಾರ್ಟ್‌ಅಪ್ಪೋ, ಬ್ಯಾಂಕೇ ವಾಸಿಯೋ?

ಅಕ್ಕನ ಮಗ ಈ ವರ್ಷ ಇಂಜಿನಿಯರಿಂಗ್ ಮುಗಿಸಿದ. ತಿಪಟೂರಿನ ಹುಡುಗ, ಓದಿದ್ದು ತುಮಕೂರಿನಲ್ಲಿ. ಹೋದ ಭಾನುವಾರ ಎರಡು ಆಫರ್ ಲೆಟರ್ ಪ್ರಿಂಟ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದಿದ್ದ. ಒಂದು ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ದೊಡ್ಡ ಸರ್ವಿಸ್ ಕಂಪನಿಯದು, ವರ್ಷಕ್ಕೆ 3.6 ಲಕ್ಷ. ಇನ್ನೊಂದು ಕೋರಮಂಗಲದ ಸ್ಟಾರ್ಟ್‌ಅಪ್‌ನದು, 8 ಲಕ್ಷ. ಭಾವನ ಆಸೆ ಇವೆರಡೂ ಅಲ್ಲ. "ಬ್ಯಾಂಕ್ ಎಕ್ಸಾಮ್ ಬರೀಲಿ. ಈ ಸಾಫ್ಟ್‌ವೇರ್‌ನೋರನ್ನ ಯಾವಾಗ ಮನೆಗೆ ಕಳಿಸ್ತಾರೋ ಯಾರಿಗೆ ಗೊತ್ತು?" ಅಂತ ಫೋನಿನಲ್ಲೇ ಹೇಳಿದ್ದರು.

ಹುಡುಗನಿಗೆ ಗೊಂದಲವೇ ಇರಲಿಲ್ಲ. "ಮಾವ, ಯೋಚನೆ ಮಾಡೋಕೆ ಏನಿದೆ? ಎಂಟು ಜಾಸ್ತಿ ಅಲ್ವಾ?"

ಜಾಸ್ತಿ ಹೌದು. ಆದರೆ ಎಷ್ಟು ಜಾಸ್ತಿ, ಯಾವುದಕ್ಕೆ ಜಾಸ್ತಿ ಅನ್ನೋದನ್ನ ಕೂತು ಲೆಕ್ಕ ಹಾಕಬೇಕು. ನಾನು ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಸರ್ವಿಸ್ ಕಂಪನಿ, ಸ್ಟಾರ್ಟ್‌ಅಪ್, ಈಗ ಒಂದು ವಿದೇಶಿ ಕಂಪನಿಯ ಬೆಂಗಳೂರು ಆಫೀಸು, ಮೂರನ್ನೂ ನೋಡಿದ್ದೇನೆ. ಮೊದಲೆಲ್ಲ ನಾನೂ ಸಂಬಳವನ್ನೇ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಈಗ ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕೆಲಸ ಹಿಡಿಸದಿದ್ದರೆ ಬಿಟ್ಟು ಬರುವುದು ಎಷ್ಟು ಸುಲಭ? ಒಳಗೆ ಹೋಗುವ ಬಾಗಿಲಿಗೆ ಎಲ್ಲರೂ ತೋರಣ ಕಟ್ಟಿರುತ್ತಾರೆ. ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ನಾವೇ ಹುಡುಕಿಕೊಳ್ಳಬೇಕು.

ಕೈಗೆ ಬರೋದು ಎಷ್ಟು?

ಆಫರ್ ಲೆಟರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಸಿಟಿಸಿ. ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಬರುವುದು ಒಂದು ಭಾಗ ಮಾತ್ರ.

ಮೊದಲ ಪತ್ರ ತೆಗೆದುಕೊಂಡೆವು. 3.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 30,000. ಅದರಲ್ಲಿ ಶೇ. 10 ವೇರಿಯಬಲ್ ಪೇ, ಅಂದರೆ 3,000. ಅದು ತಿಂಗಳ ಸಂಬಳದಲ್ಲಿ ಬರಲ್ಲ. ಕಂಪನಿಯ ವ್ಯವಹಾರ ಚೆನ್ನಾಗಿದ್ದರೆ, ನಿಮ್ಮ ರೇಟಿಂಗೂ ಚೆನ್ನಾಗಿದ್ದರೆ ಯಾವಾಗಲೋ ಬರುತ್ತದೆ. ಪೂರ್ತಿ ಬರುತ್ತೆ ಅಂತ ನಂಬಿ ಚೀಟಿ ಹಾಕಬೇಡಿ. ಮೂಲ ವೇತನ 15,000. ಅದರ ಶೇ. 12 ಅಂದರೆ 1,800 ಕಂಪನಿಯ ಪಾಲಿನ ಪಿಎಫ್. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಟ್ಟಾಗ ಕಂಪನಿ ಕೊಡುವ ಇಡಿಗಂಟು, ಅದರ ಲೆಕ್ಕಕ್ಕೆ 721. ಇವನ್ನೆಲ್ಲ ಕಳೆದರೆ ಉಳಿಯುವುದು 24,479. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ಕೈಗೆ 22,679. ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳ ಇದ್ದರೆ ವೃತ್ತಿ ತೆರಿಗೆ ಇಲ್ಲ. ಹಾಗಾಗಿ 200 ರೂಪಾಯಿ ಉಳಿಯಿತು, ಅಷ್ಟೇ ಸಮಾಧಾನ.

ಎರಡನೇ ಪತ್ರ. 8 ಲಕ್ಷದಲ್ಲಿ 1.5 ಲಕ್ಷ ಇಸಾಪ್, ಅಂದರೆ ಕಂಪನಿಯ ಷೇರು ಮುಂದೆ ಕೊಳ್ಳುವ ಹಕ್ಕು. 50,000 ಜಾಯಿನಿಂಗ್ ಬೋನಸ್, ಅದೂ ಒಂದೇ ಸಲ. ಇವೆರಡನ್ನು ತೆಗೆದರೆ ಉಳಿದದ್ದು 6 ಲಕ್ಷ, ತಿಂಗಳಿಗೆ 50,000. ಎರಡೂ ಪಾಲಿನ ಪಿಎಫ್ ಸೇರಿ 3,600, ಗ್ರಾಚ್ಯುಟಿಗೆ 1,202, ವೃತ್ತಿ ತೆರಿಗೆ 200. ಕೈಗೆ 45,000ಕ್ಕೆ ಎರಡು ರೂಪಾಯಿ ಕಡಿಮೆ. ಆದಾಯ ತೆರಿಗೆ ಎರಡು ಕಡೆಯೂ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಕಟ್ಟುವಂತಿಲ್ಲ.

ಹಾಗಾಗಿ 8 ಲಕ್ಷ ಅನ್ನುವುದು ಕಣ್ಣಿಗೆ ಮಣ್ಣೆರಚುವ ಮಾತು ಅಂತ ನಾನು ಹೇಳಲಾರೆ. ಇಸಾಪ್ ಲೆಕ್ಕದಿಂದ ಬಿಟ್ಟರೂ ಕೈಗೆ ಹತ್ತಿರ ಹತ್ತಿರ ಎರಡು ಪಟ್ಟು ಬರುತ್ತದೆ. ಬೆಂಗಳೂರಿನಲ್ಲಿ ಇಬ್ಬರು ಹಂಚಿಕೊಳ್ಳುವ ಪಿಜಿಗೆ ಹತ್ತು ಸಾವಿರ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟ, ಓಡಾಟ, ಫೋನು, ತಿಂಗಳಿಗೊಮ್ಮೆ ಊರಿಗೆ ಹೋಗಿಬರೋದು ಸೇರಿದರೆ 22 ಸಾವಿರದಲ್ಲಿ ಊರಿಗೆ ಕಳಿಸೋಕೆ ಉಳಿಯುವುದು ಮೂರೋ ನಾಲ್ಕೋ ಸಾವಿರ. ನಾನು ಸೇರಿದಾಗಲೂ ಫ್ರೆಶರ್‌ಗಳಿಗೆ ಮೂರೂಕಾಲು ಲಕ್ಷದ ಆಸುಪಾಸೇ ಕೊಡುತ್ತಿದ್ದರು. ಆಮೇಲೆ ದರ್ಶಿನಿಯ ಮಸಾಲೆ ದೋಸೆ ಬೆಲೆ ಎರಡು ಪಟ್ಟಾಯಿತು. ಇದು ಮಾತ್ರ ಅಲ್ಲೇ ಕೂತಿದೆ.

ಸರ್ವಿಸ್ ಕಂಪನಿ: ನಿಮ್ಮ ತಲೆಗೆ ಬಿಲ್

ಯಾಕೆ ಅಲ್ಲೇ ಕೂತಿದೆ ಅಂತ ತಿಳಿಯಬೇಕಾದರೆ ಸರ್ವಿಸ್ ಕಂಪನಿ ದುಡಿಯುವ ಬಗೆ ಗೊತ್ತಿರಬೇಕು. ಅಮೆರಿಕದ ಒಂದು ವಿಮಾ ಕಂಪನಿಗೆ ಸಾಫ್ಟ್‌ವೇರ್ ನೋಡಿಕೊಳ್ಳುವವರು ಬೇಕು. ಇಲ್ಲಿಯವರು ಐವತ್ತು ಜನರನ್ನು ಕೊಡುತ್ತಾರೆ. ಒಂದೊಂದು ತಲೆಗೆ ಗಂಟೆಗೆ ಇಷ್ಟು ಡಾಲರ್ ಅಂತ ಬಿಲ್ ಹೋಗುತ್ತದೆ. ಆ ಐವತ್ತರಲ್ಲಿ ಐದು ಜನ ಅನುಭವಿಗಳು, ಉಳಿದವರಲ್ಲಿ ಹೆಚ್ಚಿನವರು ಹೊಸಬರು. ಹೊಸಬರ ಸಂಬಳ ಕಡಿಮೆ ಇದ್ದಷ್ಟೂ ಕಂಪನಿಗೆ ಉಳಿತಾಯ. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಶುರುವಾಗಿ 1983ರಲ್ಲಿ ಬೆಂಗಳೂರಿಗೆ ಬಂತು. ಅಂದಿನಿಂದ ಈ ಊರಿನ ಐಟಿ ಬಹುಪಾಲು ಬೆಳೆದದ್ದು ಈ ಲೆಕ್ಕದ ಮೇಲೆ.

ಬಿಲ್ ಆಗದ ತಲೆಗೆ ಬೆಂಚ್. ನಾನು ಟ್ರೇನಿಂಗ್ ಮುಗಿಸಿ ನಾಲ್ಕು ತಿಂಗಳು ಬೆಂಚಿನಲ್ಲಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಕಾರ್ಡ್ ಉಜ್ಜಿ ಒಳಗೆ ಹೋಗೋದು, ಸುಮ್ನೆ ಕ್ಯಾಂಟೀನಿನಲ್ಲಿ ಕೂರೋದು, ಆರಕ್ಕೆ ಬಸ್ಸು ಹತ್ತೋದು. ಮೊದಲ ವಾರ ಮಜಾ ಅನ್ನಿಸಿತ್ತು. ಎರಡನೇ ತಿಂಗಳಲ್ಲಿ ಊರಿಗೆ ಫೋನ್ ಮಾಡಿದಾಗ "ಏನ್ ಕೆಲಸ ಮಾಡ್ತಿದೀಯಪ್ಪ?" ಅಂತ ಅಮ್ಮ ಕೇಳಿದರೆ ಮಾತು ಬದಲಾಯಿಸುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಟೆಸ್ಟಿಂಗ್ ಪ್ರಾಜೆಕ್ಟ್. ಜಾವಾ ಕಲಿತಿದ್ದೆ. ಎರಡು ವರ್ಷ ಎಕ್ಸೆಲ್ ಶೀಟಿನಲ್ಲಿ ಪಾಸ್, ಫೇಲ್ ಅಂತ ತುಂಬಿದೆ. ಬದಲಾಯಿಸಿಕೊಡಿ ಅಂದರೆ "ಈ ಕ್ವಾರ್ಟರ್ ಮುಗೀಲಿ" ಅನ್ನುತ್ತಿದ್ದರು. ಮೂರು ಮೂರು ತಿಂಗಳ ಆ ಕ್ವಾರ್ಟರ್‌ಗಳು ಮುಗಿಯುತ್ತಲೇ ಇದ್ದವು.

ಇಷ್ಟು ಬೈದ ಮೇಲೆ ಅದರ ಒಳ್ಳೆಯದನ್ನೂ ಹೇಳಲೇಬೇಕು. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕ್ಲೈಂಟ್ ಜೊತೆ ಕಾಲ್‌ನಲ್ಲಿ ಮಾತಾಡೋದು, ಮೇಲ್ ಬರೆಯೋದು, ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅಂತ ನಾಚಿಕೆ ಇಲ್ಲದೆ ಹೇಳೋದು, ಎಲ್ಲ ಕಲಿತದ್ದು ಅಲ್ಲಿ. ಸ್ಟಾರ್ಟ್‌ಅಪ್‌ನಲ್ಲಿ ಅದನ್ನು ಕಲಿಸುವ ವ್ಯವಧಾನ ಯಾರಿಗೂ ಇರಲ್ಲ. ಜೊತೆಗೆ ಸೇರಿದ ಬ್ಯಾಚಿನವರು ಈಗಲೂ ಸ್ನೇಹಿತರು. ನನ್ನ ಮುಂದಿನ ಎರಡೂ ಕೆಲಸ ಅವರ ರೆಫರಲ್‌ನಿಂದಲೇ ಸಿಕ್ಕಿದ್ದು.

ಇನ್ನೊಂದು ದೊಡ್ಡ ವಿಷಯ ಆರೋಗ್ಯ ವಿಮೆ. ದೊಡ್ಡ ಕಂಪನಿಗಳ ಗುಂಪು ವಿಮೆಯಲ್ಲಿ ಪ್ರೀಮಿಯಂ ಕಟ್ಟಿ ಅಪ್ಪ ಅಮ್ಮನನ್ನೂ ಸೇರಿಸಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೂ ಮೊದಲ ದಿನದಿಂದ ಅನ್ವಯ ಆಗುವ ಪಾಲಿಸಿಗಳೇ ಹೆಚ್ಚು. ಅರವತ್ತು ದಾಟಿದವರಿಗೆ ಹೊರಗೆ ಹೊಸ ಪಾಲಿಸಿ ಕೊಳ್ಳಲು ಹೋಗಿ ನೋಡಿ, ಇದರ ಬೆಲೆ ಗೊತ್ತಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಸಂಬಳದ ಅಂತರದಲ್ಲಿ ಇದನ್ನೂ ಸೇರಿಸಿ ನೋಡಿ.

ಊರ ಹತ್ತಿರ ಇರುವ ಆಸೆ ಇದ್ದರೂ ದೊಡ್ಡ ಕಂಪನಿಯೇ ದಾರಿ. ಇನ್ಫೋಸಿಸ್‌ಗೆ ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಕ್ಯಾಂಪಸ್‌ಗಳಿವೆ. ಅಲ್ಲಿಗೆ ಹಾಕಿಸಿಕೊಳ್ಳೋದು ಸುಲಭ ಅಲ್ಲ, ಆದರೆ ಕೇಳೋಕೆ ಒಂದು ಜಾಗವಾದರೂ ಇದೆ. ಕೋರಮಂಗಲದ ಸ್ಟಾರ್ಟ್‌ಅಪ್‌ಗೆ ಹುಬ್ಬಳ್ಳಿ ಶಾಖೆ ಎಲ್ಲಿಂದ ಬರಬೇಕು?

ಒಂದು ಎಚ್ಚರಿಕೆ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸವನ್ನೇ ಈಗ ಎಐ ಉಪಕರಣಗಳು ಮೊದಲು ನುಂಗುತ್ತಿವೆ. ಎಕ್ಸೆಲ್ ತುಂಬುತ್ತಾ ಎರಡು ವರ್ಷ ಕಳೆಯುವ ಐಷಾರಾಮ ನನಗಿತ್ತು. ಈ ಹುಡುಗನಿಗೆ ಇಲ್ಲ.

ಸ್ಟಾರ್ಟ್‌ಅಪ್: ಕಾಗದದ ಮೇಲಿನ ದುಡ್ಡು

ಸ್ಟಾರ್ಟ್‌ಅಪ್ ಸೇರಿದ ಎರಡನೇ ವಾರ ನಾನು ಬರೆದ ಕೋಡ್ ಜನರ ಫೋನಿಗೆ ಹೋಯಿತು. ಮೂರನೇ ವಾರ ಅದು ಕೆಟ್ಟು ರಾತ್ರಿ ಒಂದು ಗಂಟೆಗೆ ಫೋನ್ ಬಂತು. ಹಿಂದಿನ ಎರಡು ವರ್ಷಗಳಿಗಿಂತ ಆ ಎರಡು ವಾರಗಳಲ್ಲಿ ಜಾಸ್ತಿ ಕಲಿತೆ ಅಂದರೆ ಅತಿಶಯ ಅಲ್ಲ. ಡೇಟಾಬೇಸ್, ಸರ್ವರ್, ಪೇಮೆಂಟ್, ಗ್ರಾಹಕರ ಬೈಗುಳ ಎಲ್ಲವೂ ಒಬ್ಬನ ತಲೆಗೇ. ಇಪ್ಪತ್ತೆರಡರ ವಯಸ್ಸಿಗೆ ಇದು ಒಳ್ಳೆಯ ಗರಡಿ. ಕಲಿಸುವ ಹಿರಿಯರು ಒಬ್ಬರಾದರೂ ಇರಬೇಕು ಅಷ್ಟೇ. ಟೀಮಿನಲ್ಲಿ ಎಲ್ಲರೂ ಎರಡು ವರ್ಷದ ಅನುಭವದವರೇ ಆಗಿದ್ದರೆ ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗೆ.

ಆ ಕಂಪನಿಯಲ್ಲಿ ಒಂದು ವರ್ಷ ಜುಲೈ ಸಂಬಳ ಸೆಪ್ಟೆಂಬರಿನಲ್ಲಿ ಬಂತು. ಸ್ಥಾಪಕರು ಎಲ್ಲರನ್ನೂ ಕರೆದು ಪಿಜ್ಜಾ ತರಿಸಿ, "ನಾವೆಲ್ಲ ಒಂದೇ ಕುಟುಂಬ" ಅಂದರು. ಮುಂದಿನ ತಿಂಗಳು ಕುಟುಂಬದ ಹನ್ನೆರಡು ಜನಕ್ಕೆ ನೋಟಿಸ್ ಕೊಟ್ಟರು. ನನ್ನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನಿದ್ದೆ ಮಾತ್ರ ನನಗೂ ಹೋಯಿತು.

ಇಸಾಪ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹುಡುಗರು ಹೆಚ್ಚು ಮೋಸ ಹೋಗುವುದು ಇಲ್ಲೇ. ಸಾಮಾನ್ಯವಾಗಿ ಇದು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ನಿಮ್ಮದಾಗುತ್ತದೆ. ಮೊದಲ ವರ್ಷ ತುಂಬುವವರೆಗೆ ಏನೂ ಇಲ್ಲ. ಹನ್ನೊಂದು ತಿಂಗಳಿಗೆ ಬಿಟ್ಟರೆ ಸೊನ್ನೆ. ನಿಮ್ಮದಾದ ಮೇಲೂ ಅದು ಷೇರಲ್ಲ, ಗೊತ್ತು ಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಕೆಲಸ ಬಿಟ್ಟರೆ ಇಂತಿಷ್ಟು ದಿನಗಳಲ್ಲಿ, ಎಷ್ಟೋ ಕಡೆ 90 ದಿನಗಳಲ್ಲಿ, ದುಡ್ಡು ಕೊಟ್ಟು ಕೊಳ್ಳಬೇಕು. ಕೊಂಡಾಗ ಷೇರಿನ ಆಗಿನ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳ ಅಂತ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ಕಂಪನಿ ಷೇರು ಮಾರುಕಟ್ಟೆಗೆ ಬಂದಿರಲ್ಲ, ಆ ಷೇರನ್ನು ಮಾರಲು ಆಗಲ್ಲ. ತೆರಿಗೆ ಮಾತ್ರ ನಿಜವಾದ ನೋಟಿನಲ್ಲಿ ಕಟ್ಟಬೇಕು.

ಇದರಿಂದ ಮನೆ ಕಟ್ಟಿಸಿದವರೂ ಇದ್ದಾರೆ. ನನ್ನವು ಈಗಲೂ ಒಂದು ಪಿಡಿಎಫ್ ಫೈಲಿನಲ್ಲಿ ಭದ್ರವಾಗಿವೆ.

ಅಕ್ಕನ ಮಗನ ಪತ್ರದಲ್ಲಿ ಆ 1.5 ಲಕ್ಷ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ ಅಂತ ಬರೆದೇ ಇರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದೆ.

ಗಡಿಯಾರ ಯಾವ ದೇಶದ್ದು?

ಸಂದರ್ಶನದಲ್ಲಿ ಯಾರೂ ಕೇಳದ, ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಕ್ಲೈಂಟ್ ಲಂಡನ್ನಿನವರಾದರೆ ಅವರ ಬೆಳಗ್ಗೆ ಒಂಬತ್ತು ನಮ್ಮ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಬದುಕಬಹುದು. ನ್ಯೂಯಾರ್ಕ್ ಆದರೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾ ಆದರೆ ರಾತ್ರಿ ಒಂಬತ್ತೂವರೆ, ನವೆಂಬರಿನಿಂದ ಹತ್ತೂವರೆ. ಅವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸಿದರೆ ಇಲ್ಲಿ ನಮ್ಮ ಊಟದ ಹೊತ್ತು ತಿರುಗುತ್ತದೆ.

ನಾನು ಮೂರು ವರ್ಷ ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ ಬದುಕಿದೆ. ಮಗಳು ಮಲಗುವ ಹೊತ್ತಿಗೆ ನನ್ನ ಕಾಲ್ ಶುರು. ಕಥೆ ಹೇಳು ಅಂದರೆ ಕಿವಿಯಲ್ಲಿದ್ದ ಹೆಡ್‌ಫೋನ್ ತೋರಿಸುತ್ತಿದ್ದೆ.

ಇದರ ಜೊತೆಗೆ ಆಫೀಸು ಎಲ್ಲಿದೆ ಅಂತಲೂ ನೋಡಿ. 2023ರಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹೋಯಿತು. ಸಿಲ್ಕ್ ಬೋರ್ಡ್‌ನಲ್ಲಿ ಬಸ್ಸಿನೊಳಗೆ ನಿಂತು ವಯಸ್ಸು ಕಳೆದವರಿಗೆ ಇದರ ಸುಖ ಗೊತ್ತು. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳಿಗೆ ಇನ್ನೂ ರಸ್ತೆಯೇ ಗತಿ. ಮನೆಯಿಂದಲೇ ಕೆಲಸ ಅನ್ನುವ ಮಾತನ್ನು ಆಫರ್ ಲೆಟರ್‌ನಲ್ಲಿ ಬರೆದಿದ್ದರೆ ಮಾತ್ರ ನಂಬಿ. ಬಾಯಿಮಾತಿನಲ್ಲಿ ವಾರಕ್ಕೆ ಎರಡು ದಿನ ಆಫೀಸು ಅಂದಿದ್ದು ನಾಲ್ಕು ದಿನ ಆಗೋಕೆ ಒಂದೇ ಮೇಲ್ ಸಾಕು.

ಹೆಣ್ಣುಮಕ್ಕಳು ಇನ್ನೆರಡು ವಿಷಯ ನೋಡಬೇಕು ಅಂತ ನನ್ನ ಹೆಂಡತಿ ಪಕ್ಕದಿಂದ ಹೇಳಿದಳು. ಹೆರಿಗೆ ರಜೆ ಎರಡು ಮಕ್ಕಳವರೆಗೆ 26 ವಾರ, ಅದು ಕಾನೂನು. ಮಗುವನ್ನು ನೋಡಿಕೊಳ್ಳುವ ಕ್ರೆಶ್ ಸೌಲಭ್ಯ ಕಡ್ಡಾಯ ಆಗುವುದು ಐವತ್ತು ಜನ ಕೆಲಸಗಾರರಿದ್ದರೆ. ನಲವತ್ತು ಜನರ ಸ್ಟಾರ್ಟ್‌ಅಪ್ ಅದನ್ನು ಕೊಡಬೇಕಾಗಿಲ್ಲ. ರಜೆ ಮುಗಿಸಿ ಬಂದ ಮೇಲೆ ಅದೇ ಕೆಲಸ, ಅದೇ ಟೀಮು ಕೊಟ್ಟರಾ ಅಂತ ಅಲ್ಲಿನ ಒಬ್ಬ ತಾಯಿಯನ್ನು ಕೇಳಿ ಅನ್ನುವುದು ಅವಳ ಸಲಹೆ. ಕೇಳೋಕೆ ಒಬ್ಬ ತಾಯಿಯೂ ಅಲ್ಲಿ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಹೊರಗೆ ಬರುವ ಬಾಗಿಲು

ಈಗ ನನ್ನ ಪ್ರಶ್ನೆಗೆ ಬರೋಣ. ದೊಡ್ಡ ಕಂಪನಿಯ ಪತ್ರದಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, 90 ದಿನ. ಸ್ಟಾರ್ಟ್‌ಅಪ್‌ನದ್ದು 30 ದಿನ. ಈ ಅಂತರ ಸಂಬಳದ ಅಂತರದಷ್ಟೇ ದೊಡ್ಡದು. ಬೇರೆ ಕಡೆ ಕೆಲಸ ಸಿಕ್ಕಾಗ "ಮೂರು ತಿಂಗಳು ಕಾಯ್ತೀರಾ?" ಅಂತ ಕೇಳಿದರೆ ಎಷ್ಟೋ ಜನ ಕಾಯಲ್ಲ. ಉಳಿದ ದಿನಗಳಿಗೆ ದುಡ್ಡು ಕಟ್ಟಿ ಬಿಡಲು ಅವಕಾಶ ಇದೆಯೇ, ಅದು ಮ್ಯಾನೇಜರ್ ಒಪ್ಪಿದರೆ ಮಾತ್ರವೇ, ಪತ್ರದಲ್ಲಿ ಓದಿ.

ಬಾಂಡ್, ಅಂದರೆ ಇಷ್ಟು ವರ್ಷ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅನ್ನುವ ಕರಾರು ಇದ್ದರೆ ಸುಮ್ಮನೆ ಸಹಿ ಹಾಕಬೇಡಿ. "ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು" ಅನ್ನುವ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತದೆ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಮುಗಿಸದೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ವಿಷಯ, ನಿಜ. ಆದರೂ ಬಾಂಡ್ ಅಂದರೆ ಬರೀ ಬೆದರಿಕೆ ಅಂತ ತಿಳಿಯೋ ಕಾಲ ಹೋಯಿತು. ಇನ್ನು ಮೂಲ ಅಂಕಪಟ್ಟಿ ಕೊಡಿ, ನಾವು ಇಟ್ಟುಕೊಳ್ಳುತ್ತೇವೆ ಅನ್ನುವ ಕಂಪನಿ ಇದ್ದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಗ್ರಾಚ್ಯುಟಿ ಬಗ್ಗೆ ಒಂದೇ ಮಾತು. ಅದು ಸಿಟಿಸಿಯಲ್ಲಿ ಮೊದಲ ದಿನದಿಂದ ಕಾಣುತ್ತದೆ. ಕಾಯಂ ನೌಕರರ ಕೈಗೆ ಬರುವುದು ಐದು ವರ್ಷ ಆದ ಮೇಲೆ. ಕೊನೆಯ ಮೂಲ ವೇತನ 30,000 ಇದ್ದು ಐದು ವರ್ಷ ಆಗಿದ್ದರೆ 86,538 ರೂಪಾಯಿ. ಎರಡೆರಡು ವರ್ಷಕ್ಕೆ ಹಾರುವ ನಮ್ಮಂಥವರು ಅದನ್ನು ನೋಡುವುದೇ ಅಪರೂಪ. ಪಿಎಫ್ ಮಾತ್ರ ಪ್ರತಿ ಸಲ ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷದ ಒಟ್ಟು ಸೇವೆ ಆಗುವ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ.

ಆದರೆ ನಾನು ಕಂಡ ಅತಿ ಗಟ್ಟಿ ಕಟ್ಟು ಪತ್ರದಲ್ಲಿ ಇರುವುದೇ ಇಲ್ಲ. ಅದು ಇಎಂಐ. ನನ್ನ ಜೊತೆಗಿದ್ದ ಒಬ್ಬರು ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ಗೃಹಪ್ರವೇಶಕ್ಕೆ ಮ್ಯಾನೇಜರ್ ಬಂದು ಹೋಳಿಗೆ ತಿಂದು ಹೋದರು. ಆ ವರ್ಷದಿಂದ ಶನಿವಾರದ ಕೆಲಸವೆಲ್ಲ ಇವರ ಪಾಲಿಗೇ. ಇವರು ಬಿಟ್ಟು ಹೋಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ನಾನು ಹೇಳೋದು: ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂಡುವವರೆಗೆ ಬೈಕೂ ಸಾಲದಲ್ಲಿ ಬೇಡ. ಒಂದು ದಿನ ಎಚ್‌ಆರ್ ರೂಮಿಗೆ ಕರೆದು "ನೀವಾಗೇ ರಾಜೀನಾಮೆ ಕೊಟ್ಟುಬಿಡಿ" ಅಂದಾಗ, ಅಲ್ಲೇ ಸಹಿ ಹಾಕದೆ "ಓದಿ ಹೇಳ್ತೀನಿ" ಅಂತ ಎದ್ದು ಬರುವ ಧೈರ್ಯ ಕೊಡುವುದು ಆ ದುಡ್ಡೇ.

ಭಾವನ ಬ್ಯಾಂಕ್

ಸಾಫ್ಟ್‌ವೇರ್‌ನವರು ಬ್ಯಾಂಕ್ ಕೆಲಸ ಅಂದರೆ ನಗುತ್ತಾರೆ. ನಗುವ ಮುಂಚೆ ಸಂಬಳ ನೋಡಬೇಕು. 2024ರ ವೇತನ ಒಪ್ಪಂದದ ನಂತರ ಸರ್ಕಾರಿ ಬ್ಯಾಂಕಿನ ಹೊಸ ಆಫೀಸರ್‌ಗೆ ಆರಂಭದ ಮೂಲ ವೇತನವೇ 48,480. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಬೇರೆ. ಸ್ಟಾರ್ಟ್‌ಅಪ್‌ನ 45,000 ಇದರ ಮುಂದೆ ಕಡಿಮೆಯೇ.

ಆದರೆ ಅದು ಕೈಯಲ್ಲಿರುವ ಆಫರ್ ಅಲ್ಲ, ಬರೆಯಬೇಕಾದ ಪರೀಕ್ಷೆ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ. ಎರಡು ವರ್ಷ ಕೋಚಿಂಗ್‌ನಲ್ಲಿ ಕಳೆದು ಸಿಗದೆ ಹೋದರೆ, ಹಿಂದಿರುಗಿ ಸಾಫ್ಟ್‌ವೇರ್‌ಗೆ ಬರುವಾಗ ಆ ಎರಡು ವರ್ಷಕ್ಕೆ ಉತ್ತರ ಹೇಳಬೇಕು. ಸಿಕ್ಕರೆ ವರ್ಗಾವಣೆ, ಭಾಷೆ ಬಾರದ ಊರು. ಊರ ಹತ್ತಿರವೇ ಬೇಕು ಅಂದರೆ ಗ್ರಾಮೀಣ ಬ್ಯಾಂಕಿನ ಪರೀಕ್ಷೆ ನೋಡಬಹುದು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇನಲ್ಲಿ ಸೇರಿ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕೆಲಸ ಮಾಡುತ್ತಲೇ ಒಂದು ಸಲ ಬರೆದು ನೋಡು ಅಂದೆ. ಸರ್ವಿಸ್ ಕಂಪನಿಯಲ್ಲಿ ಬೆಂಚ್ ಸಿಕ್ಕರೆ ಓದೋಕೆ ಹೊತ್ತಿಗೇನೂ ಕೊರತೆ ಇರಲ್ಲ.

ಸರ್ವಿಸ್ ಕಂಪನಿ, ಸ್ಟಾರ್ಟ್‌ಅಪ್ ಇವೆರಡರ ಮಧ್ಯೆ ನಾನೀಗ ಇರುವಂಥ ಜಾಗವೂ ಒಂದಿದೆ, ವಿದೇಶಿ ಕಂಪನಿಗಳ ಸ್ವಂತ ಆಫೀಸು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಶುರುವಾದ ದಾರಿ. ಅವರ ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಹಳಬರು ಈಗಲೂ ಹೇಳುತ್ತಾರೆ. ಸಂಬಳ ಚೆನ್ನಾಗಿದೆ, ಬೆಂಚ್ ಇಲ್ಲ, ಕೆಲಸ ನಮ್ಮದೇ ಕಂಪನಿಯದು. ಆದರೆ ದೊಡ್ಡ ತೀರ್ಮಾನಗಳೆಲ್ಲ ಬೇರೆ ದೇಶದಲ್ಲಿ ಆಗುತ್ತವೆ, ನಮಗೆ ಮೇಲ್ ಬರುತ್ತದೆ. ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆ. ಎರಡು ವರ್ಷದ ಒಳ್ಳೆಯ ಅನುಭವ ಇಟ್ಟುಕೊಂಡು ಬಂದರೆ ಬಾಗಿಲು ತೆಗೆಯುತ್ತದೆ. ಆ ಅನುಭವ ಎಕ್ಸೆಲ್ ತುಂಬಿದ್ದಾಗಿರಬಾರದು.

ನನ್ನ ಒಲವು ಯಾವ ಕಡೆ ಅಂತ ಹುಡುಗ ನೇರವಾಗಿ ಕೇಳಿದ. ಅಕ್ಕನ ಮನೆಯಲ್ಲಿ ತೆಂಗಿನ ತೋಟ ಇದೆ, ಇವನ ಸಂಬಳದಿಂದ ಒಲೆ ಉರಿಯಬೇಕಾಗಿಲ್ಲ. ಓದಿನ ಸಾಲ ಇಲ್ಲ. ನೋಟಿಸ್ 30 ದಿನ. ಕಂಪನಿಯಲ್ಲಿ ಕನಿಷ್ಠ ಒಂದು ವರ್ಷಕ್ಕಾಗುವ ದುಡ್ಡಿದ್ದರೆ ಸ್ಟಾರ್ಟ್‌ಅಪ್‌ಗೆ ಹೋಗು ಅಂದೆ. ಓದಿನ ಸಾಲದ ಕಂತು ತೀರಿಸಬೇಕಾದ, ಮನೆಯಲ್ಲಿ ಹುಷಾರಿಲ್ಲದ ತಂದೆ ಇರುವ ಹುಡುಗನಾಗಿದ್ದರೆ 22,679ರ ಕಡೆಗೇ ಕೈ ತೋರಿಸುತ್ತಿದ್ದೆ.

ಅವತ್ತೇ ಕೂತು ಸ್ಟಾರ್ಟ್‌ಅಪ್‌ನ ಎಚ್‌ಆರ್‌ಗೆ ಮೂರು ಪ್ರಶ್ನೆಗಳ ಮೇಲ್ ಬರೆದೆವು. ಇಸಾಪ್ 1.5 ಲಕ್ಷ ಎಷ್ಟು ವರ್ಷಕ್ಕೆ? ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ಪೂರ್ತಿ ವಾಪಸ್ಸೋ, ಉಳಿದ ತಿಂಗಳಿಗೆ ಮಾತ್ರವೋ? ಕಂಪನಿ ಕೈಯಲ್ಲಿ ಇನ್ನು ಎಷ್ಟು ತಿಂಗಳ ದುಡ್ಡಿದೆ? ಮಾರನೇ ದಿನ ಮೊದಲೆರಡಕ್ಕೆ ಉತ್ತರ ಬಂತು. ಇಸಾಪ್ ನಾಲ್ಕು ವರ್ಷದ್ದು, ಬೋನಸ್ ಉಳಿದ ತಿಂಗಳಿಗೆ ಮಾತ್ರ. ಅಂದರೆ ಆ ಎಂಟು ಲಕ್ಷ ನಿಜವಾಗಿ ಮೊದಲ ವರ್ಷಕ್ಕೆ ಏಳೂ ಅಲ್ಲ. ಮೂರನೆಯ ಪ್ರಶ್ನೆಯನ್ನು ಅವರು ಮುಟ್ಟೇ ಇಲ್ಲ. ಇನ್ನೊಂದು ಸಲ ಕೇಳು, ಶುಕ್ರವಾರದವರೆಗೆ ನೋಡೋಣ ಅಂದಿದ್ದೇನೆ. ದೊಡ್ಡ ಕಂಪನಿಯ ಪತ್ರಕ್ಕೆ ಒಪ್ಪಿಗೆ ಕೊಡಲು ಸೋಮವಾರದವರೆಗೆ ಟೈಮ್ ಇದೆ.